ಯಶೋಮತಿಯವರು ತಡೆದಿಟ್ಟ ಪರೀಕ್ಷೆ

ರಾಯಚೂರು ಕೆಳನಗರ
ಫೆಬ್ರವರಿ 30, 2344

ಮಾನ್ಯ ಯಶೋಮತಿ ಹಂಪಣ್ಣವರ ಅವರಿಗೆ ನೀಲಗಂಗಾ ಮಾಡುವ ನಮಸ್ಕಾರಗಳು.

ಈ ತಾರೀಖು ನಿಮ್ಮ ಕ್ಯಾಲೆಂಡರಿನಲ್ಲಿಲ್ಲ, ನಮ್ಮದರಲ್ಲಿದೆ. ನನ್ನ ಮಾತು ವಿಚಿತ್ರವೆನಿಸಿದರೆ ಹೊಟ್ಟೆಗೆ ಹಾಕಿಕೊಳ್ಳಿ. ನೀವು ಲಿನಕ್ಸ್ ಕಂಪ್ಯೂಟರುಗಳಿಗಾಗಿ ಪ್ಯಾಕೇಜ್ ಮಾಡಿದ ಆ ಚಿಕ್ಕ ಕೋಡ್ ಲೈಬ್ರರಿ ಇಲ್ಲಿ ಇನ್ನೂ ಬದುಕಿದೆ. ಆಜ್ಞೆಯ ಬೆನ್ನಿಗೆ ನಾವು ಬರೆಯುವ ಆಪ್ಷನ್‌ಗಳನ್ನು ಓದಿ ಯಂತ್ರಕ್ಕೆ ತಿಳಿಸುವುದು ಅದರ ಕೆಲಸ. ನೀರು, ಗಾಳಿ, ಬಾಗಿಲು, ಎಲ್ಲಕ್ಕೂ ಅದೇ ಗತಿ. ನಾನು ಅದರ ಹದಿನೇಳನೆಯ ಪಾಲಕಿ. ನೀವು ಮೇಂಟೇನರ್ ಎನ್ನುವ ಹುದ್ದೆ. ಅದನ್ನು ವಹಿಸಿಕೊಳ್ಳುವ ದಿನ ಕೈಕಾಲು ತೊಳೆದು, ಹಿಂದಿನವರ ಹೆಸರುಗಳನ್ನೆಲ್ಲ ಗಟ್ಟಿಯಾಗಿ ಓದಿ, ಹಿರಿಯರು ಬರೆದ ಸಾಲನ್ನು ಅಳಿಸುವುದಿಲ್ಲವೆಂದು ಮಾತು ಕೊಡುತ್ತೇವೆ. ಮೊದಲ ಹೆಸರು ನಿಮ್ಮದು. ಪ್ಯಾಕೇಜ್ ಕಟ್ಟುವಾಗ ಏನು ಕೆಟ್ಟರೂ ಯಂತ್ರ ಇಂದಿಗೂ ನಿಮ್ಮ ವಿಳಾಸಕ್ಕೇ ದೂರು ಕಳಿಸುತ್ತದೆ. ಉತ್ತರ ಬಂದಿಲ್ಲವೆಂದು ಯಾರೂ ಬೇಸರಪಟ್ಟಿಲ್ಲ.

ಗೊತ್ತಿಲ್ಲದ ಆಪ್ಷನ್ ಬಂದರೆ ಲೈಬ್ರರಿ ಕೆಲಸ ನಿಲ್ಲಿಸಬೇಕು. ಹಾಗೆ ನಿಲ್ಲಿಸುತ್ತದೆಯೇ ಎಂದು ನೋಡುವ ಪರೀಕ್ಷೆ ನಿಮ್ಮ ಕೈಯಲ್ಲಿ ಫೇಲಾಯಿತು. ಬಿಡುಗಡೆಯ ಗಡುವು ತಲೆಯ ಮೇಲಿತ್ತೇನೋ, ನೀವು ಪರೀಕ್ಷೆಯನ್ನೇ ಓಡದಂತೆ ಒಂದು ಸಾಲಿನಲ್ಲಿ ತಡೆದು, ಪಕ್ಕದಲ್ಲಿ 'ಆಮೇಲೆ ನೋಡೋಣ' ಎಂದು ಬರೆದಿರಿ. ನಿಮ್ಮ ನಂತರದ ಹದಿನೈದು ಜನ ಅದನ್ನು ಓದಿ, ಕೈಮುಗಿದು ಮುಂದೆ ಹೋದರು. ನಾನೂ ಹೋದೆ.

ಕಳೆದ ತಿಂಗಳು ನಮ್ಮ ಜಲಾಗಾರದ ಬಾಗಿಲಿಗೆ ಹೊಸ ಪ್ರೋಗ್ರಾಂ ಬಂತು. ಈ ತಿಂಗಳು ನನ್ನ ತಮ್ಮ ಚೆನ್ನವೀರ ಹೂಳು ತೆಗೆಯಲು ತೊಟ್ಟಿಗೆ ಇಳಿಯುವವನಿದ್ದ. 'ಬಾಗ್ಲ ಹಾಕಂತ ಈಗೇ ಹೇಳಿಡಕ್ಕ, ನಾ ಒಳಗಿರತನ ಅದು ಕಾಯ್ತದ' ಎಂದು ನಗುತ್ತಾ ಇಳಿದ. ಒಳಗೆ ಜನರಿದ್ದರೆ ಕಾಯಬೇಕೆಂಬ ಆಪ್ಷನ್ ಸೇರಿಸಿಯೇ ಆಜ್ಞೆ ಕೊಟ್ಟೆ. ಹೊಸ ಪ್ರೋಗ್ರಾಮಿಗೆ ಆ ಆಪ್ಷನ್ ಗೊತ್ತಿರಲಿಲ್ಲ. ಲೈಬ್ರರಿ ತಕರಾರು ಮಾಡದೆ ಅದನ್ನು ನುಂಗಿಕೊಂಡಿತು. ಬಾಗಿಲು ಮುಚ್ಚಿತು, ಮುಚ್ಚಿದೊಡನೆ ತೊಟ್ಟಿಗೆ ನೀರು ಬಂತು. ಅವನು ಒಳಗಿನಿಂದ ಬಡಿದದ್ದು ಕೇಳಿಸಿತು. ಈಗಲೂ ಕೇಳಿಸುತ್ತದೆ, ಊಟಕ್ಕೆ ಕೂತಾಗ, ತಲೆ ಬಾಚುವಾಗ.

ನಿಮ್ಮ ಮೇಲೆ ಸಿಟ್ಟಿದೆ. ನನ್ನ ಮೇಲೆ ಅದಕ್ಕಿಂತ ಹೆಚ್ಚು. ಇವತ್ತು ಕೊಟ್ಟ ಮಾತು ಮುರಿದು ನಿಮ್ಮ ಸಾಲನ್ನು ಅಳಿಸಿದೆ. ಪರೀಕ್ಷೆ ಓಡಿತು, ಫೇಲಾಯಿತು, ದೂರು ನಿಮ್ಮ ವಿಳಾಸಕ್ಕೆ ಹೊರಟಿದೆ. ಈ ಕಾಗದವನ್ನು ಅದರ ಜೊತೆಗಿಟ್ಟಿದ್ದೇನೆ. ತಲುಪುತ್ತದೋ ಇಲ್ಲವೋ ತಿಳಿಯದು. ತಲುಪಿದರೆ, ದಯವಿಟ್ಟು, ಗಡುವು ತಪ್ಪಿದರೂ ಸರಿ, ಆ ದೋಷವನ್ನು ಕೂತು ಸರಿಪಡಿಸಿ. ಚೆನ್ನವೀರ ಸತ್ತು ನನಗೆ ಒಂಬತ್ತು ದಿನವಾಯಿತು. ನಿಮಗೆ ಅವನು ಹುಟ್ಟಲು ಇನ್ನೂ ಮುನ್ನೂರು ವರ್ಷವಿದೆ.