ನಕ್ಷೆಗೆ ಬಾರದ ಬಾವಿ

ಗುತ್ತಲು, ಮಂಡ್ಯ
ಭಾನುವಾರ

ಅಪ್ಪನಿಗೆ ನಮಸ್ಕಾರ,

ಫೋನ್ ಮಾಡಿದರೆ ನೀನು ಸ್ಪೀಕರಿಗೆ ಹಾಕಿ ಜಗಲಿಯವರಿಗೆಲ್ಲ ಕೇಳಿಸುತ್ತೀಯ. ಅದಕ್ಕೇ ಈ ಕಾಗದ.

ಮದ್ದೂರು ತಾಲ್ಲೂಕಿನಲ್ಲಿ ಕಲ್ಲು ಕ್ವಾರಿಗೆ ಜಾಗ ಹುಡುಕುವ ನಕ್ಷೆಯನ್ನು ಕಂಪ್ಯೂಟರಿನಲ್ಲಿ ಸಿದ್ಧ ಮಾಡುತ್ತಿರುವವಳು ನಾನೇ. ಊರಿನ ಹೆಸರು ಹುಡುಕಿ ಒಂದು ಕಡೆ ಒತ್ತಿದರೆ ಅದು ಸುತ್ತ ವೃತ್ತ ಎಳೆಯುತ್ತದೆ. ಒಳಗೆ ಕುಡಿಯುವ ನೀರಿನ ಬಾವಿ ಇದ್ದರೆ ಕೆಂಪು, ಇಲ್ಲದಿದ್ದರೆ ಹಸಿರು, ಅಂದರೆ ಕ್ವಾರಿಗೆ ಅಡ್ಡಿಯಿಲ್ಲ. ನಮ್ಮೂರ ಗುಡ್ಡ ಹಸಿರಾಗಿದೆ. ಅದರ ಬುಡದಲ್ಲೇ, ಊರಾಚೆ, ಮರಿತಾಯಮ್ಮನವರ ಕೇರಿಯ ಬಾವಿ ಇದೆಯಲ್ಲ?

ಪಂಚಾಯಿತಿ ಪರವಾಗಿ ಊರಿನ ಬಾವಿಗಳನ್ನು ಗುರುತು ಮಾಡಿದವನು ನೀನು. "ಎಲ್ಲಾ ಬಾವಿ ತಾವ್ಲೂ ನಾನೇ ನಿಂತ್ಕಂಡು ಮೊಬೈಲ್ ಒತ್ತಿವ್ನಿ, ಒಂದೂ ಬುಟ್ಟಿಲ್ಲ ಕಣವ್ವ" ಅಂದಿದ್ದೆ. ಕ್ವಾರಿಯವರು ಮನೆಗೆ ಬಂದು ಉಂಡು ಹೋದರೆಂದು ಅಮ್ಮ ಬಾಯಿ ಬಿಟ್ಟ ಮೇಲೆ ನನಗೆ ಅನುಮಾನ ಬಂತು. ನೀನಿಟ್ಟ ಚುಕ್ಕಿಗಳನ್ನೆಲ್ಲ ತೆಗೆದು ನೋಡಿದೆ. ಆ ಕೇರಿಯೊಳಗೆ ಒಂದೂ ಇಲ್ಲ, ಕೈಪಂಪು ಕೂಡ ಇಲ್ಲ. ಕ್ವಾರಿಯವರಿಗಾಗಿ ಬಿಟ್ಟೆಯೋ, ಇಲ್ಲ ಜಾತಿ ನೋಡಿ ಅಲ್ಲಿಗೆ ಕಾಲೇ ಇಡಲಿಲ್ಲವೋ? ಯಾವುದು ನಿಜವಾದರೆ ನನಗೆ ನಾಚಿಕೆ ಕಡಿಮೆ ಎಂದು ತಿಳಿಯುತ್ತಿಲ್ಲ.

ಇಲ್ಲಿ ಕೂತು ಚುಕ್ಕಿ ಇಡಲು ಆಗುವುದಿಲ್ಲ. ಬಾವಿಯ ಹತ್ತಿರ ನಿಂತೇ ಒತ್ತಬೇಕು. ನಮ್ಮೂರಿನಲ್ಲಿ ಆ ಅನುಮತಿ ಇರುವುದು ನಿನ್ನ ಮೊಬೈಲಿಗೆ ಮಾತ್ರ. ತಿಂಗಳ ಕೊನೆಗೆ ನಕ್ಷೆ ಮೇಲಿನವರಿಗೆ ಹೋಗುತ್ತದೆ. ಅಷ್ಟರೊಳಗೆ ಹೋಗಿ ಬಾ. ಬೇರೆಯವರ ಕೈಯಲ್ಲಿ ಮೊಬೈಲ್ ಕಳಿಸಬೇಡ, ನೀನೇ ಬಂದಿದ್ದೆಯಾ ಎಂದು ಮರಿತಾಯಮ್ಮನವರನ್ನು ಕೇಳುತ್ತೇನೆ.

ಅವರು ನೀರು ಕೊಟ್ಟರೆ ಕುಡಿದು ಬಾ.

ನಿನ್ನ ಮಗಳು,
ದೀಪಿಕ