ಬಾವುಟ ಸಿಕ್ಕಿದ್ದು ಅವರ ಮಗನಿಗೆ

ಕೋಲ್ಡರ್ ಕ್ರೀಕ್
ಫೆಬ್ರವರಿ ೯, ಸೋಮವಾರ

ಲೊರೇನ್ ಮಗಳೇ,

ಹೇಗಿದ್ದೀಯ? ಡಾರ್ಲಾಳ ಕೆಮ್ಮು ನಿಂತಿತೇ? ಓಹಾಯೋದಲ್ಲಿ ನಿಮ್ಮಮ್ಮನ ಮನೆ ಬೆಚ್ಚಗಿದೆ ಎಂದು ಗೊತ್ತು, ಆದರೂ ಮಗುವಿಗೆ ಕಾಲುಚೀಲ ಹಾಕು. ನನ್ನ ಮೊಣಕಾಲು ಹಾಗೆಯೇ ಇದೆ. ಡಾಕ್ಟರ್ ದಿನಾ ನಡೆಯಿರಿ ಅನ್ನುತ್ತಾನೆ. ಅವನೇ ನಡೆಯಲಿ.

ಶನಿವಾರ ಕೋರ್ಟಿನ ಎದುರು ಹೊಸ ಕಲ್ಲು ನಿಲ್ಲಿಸಿದರು. ಹೋಬರ್ಟ್‌ನ ಮಗ ಟ್ರಾವಿಸ್‌ನ ಹೆಸರು ಕೆತ್ತಿದ್ದಾರೆ, ಕರ್ತವ್ಯದಲ್ಲಿ ಮಡಿದ ಪೊಲೀಸ್ ಎಂದು. ನಮ್ಮ ಎಲ್ಡನ್‌ನ ಹೆಸರಿಲ್ಲ. ಹೆತ್ತವನಿಗೆ ಹೊಟ್ಟೆ ಉರಿಯಿತು, ಮುಚ್ಚುಮರೆ ಏನಿಲ್ಲ. ಅದೇ ಹೆದ್ದಾರಿ, ಅದೇ ಹಿಮ, ಅದೇ ಲಾರಿ. ಉರುಳಿದ ಕಾರಿನ ಹತ್ತಿರ ಟ್ರಾವಿಸ್ ಬಂದುಹೋಗುವ ಗಾಡಿಗಳನ್ನು ತಡೆಯುತ್ತಿದ್ದ, ಎಲ್ಡನ್ ಒಳಗೆ ಸತ್ತಿದ್ದವರನ್ನು ನೋಡುತ್ತಿದ್ದ. ಲಾರಿ ಜಾರಿ ಬಂದು ಇಬ್ಬರನ್ನೂ ಹೊಡೆಯಿತು. ಹೆಣ ನೋಡಿ ಸಾವಿನ ಕಾರಣ ಬರೆದುಕೊಳ್ಳಬೇಕಾದ ಕರೋನರ್ ನಮ್ಮ ಎಲ್ಡನ್ನೇ ಸತ್ತಿದ್ದಾನಲ್ಲ, ಪಕ್ಕದ ಕೌಂಟಿಯಿಂದ ಇನ್ನೊಬ್ಬ ಬರುವವರೆಗೆ ಯಾರನ್ನೂ ಎತ್ತುವ ಹಾಗಿರಲಿಲ್ಲ. ಹೋಬರ್ಟನೂ ನಾನೂ ರಸ್ತೆ ಬದಿಯಲ್ಲಿ ಒಂದೇ ಕಂಬಳಿ ಹೊದ್ದು ನಿಂತಿದ್ದೆವು. ಅಲ್ಲಿಯವರೆಗೆ ಇಬ್ಬರ ಮಕ್ಕಳೂ ಸಮ. ಆಮೇಲೆ ಬೇರೆ ಮಾಡಿದರು.

ಟ್ರಾವಿಸ್‌ನ ಮಣ್ಣಿಗೆ ಪೆಟ್ಟಿಗೆಯ ಮೇಲೆ ಹೊದಿಸಲು ಬಾವುಟ ಬಂತು. ಸತ್ತ ಪೊಲೀಸರನ್ನು ಕಳಿಸಿಕೊಡುವ ಪದ್ಧತಿಯಂತೆ ಕಂಟ್ರೋಲ್ ರೂಮಿನ ಪೆಗ್ಗಿ ರೇಡಿಯೋದಲ್ಲಿ ಅವನ ನಂಬರು ಮೂರು ಸಲ ಕೂಗಿದಳು. ಉತ್ತರ ಬರಲಿಲ್ಲ. "ನಿನ್ನ ಪಾಳಿ ಮುಗೀತು, ಹೋಗಿ ಬಾ" ಅಂದಳು. ಊರೆಲ್ಲ ಅತ್ತಿತು. ಅದೇ ಪೆಗ್ಗಿ ಎಲ್ಡನ್‌ನನ್ನು ಎಷ್ಟು ಸಲ ಊಟದ ತಟ್ಟೆಯಿಂದ ಎಬ್ಬಿಸಿ ಕರೆಸಿಕೊಂಡಿಲ್ಲ? ಕಳಿಸಿಕೊಡಲು ಮಾತ್ರ ಅವನನ್ನು ಯಾರೂ ಕೂಗಲಿಲ್ಲ. ಕೇಳಿದರೆ, "ಕರೋನರಿಗೆ ನಂಬರಿಲ್ಲ ಅಜ್ಜಾ, ನಾನೇನ್ ಮಾಡ್ಲಿ" ಅನ್ನುತ್ತಾಳೆ.

ಟ್ರಾವಿಸ್‌ನ ಹೆಂಡತಿಗೆ ಪರಿಹಾರ ಬಂತು, ಮಕ್ಕಳ ಓದಿನ ಖರ್ಚೂ ಬಂತು. ನಿನಗೆ ಬಂದದ್ದು, ಪರಿಹಾರದ ಕಾಯ್ದೆಯಲ್ಲಿ ಕರೋನರ್ ಎಂಬ ಪದವೇ ಇಲ್ಲ ಎಂಬ ಉತ್ತರ. ನಿನ್ನೆ ಚರ್ಚಿನಲ್ಲಿ ಹೋಬರ್ಟ್ ನನ್ನ ಹೆಗಲ ಮೇಲೆ ಕೈಯಿಟ್ಟು, "ನಿನ್ನ ಹುಡುಗನೂ ಒಳ್ಳೇ ಕೆಲ್ಸಾನೇ ಮಾಡ್ತಿದ್ದ ಬಿಡು, ವಿಲ್ಬರ್" ಅಂದ. ಆ 'ನೂ' ಕೇಳಿಸಿತೇ ನಿನಗೆ? ಕೈ ತೆಗಿ ಮಾರಾಯ, ಅಂದೆ. ಎಲ್ಲರೂ ತಿರುಗಿ ನೋಡಿದರು. ನೋಡಲಿ.

ನಿಮ್ಮಮ್ಮನನ್ನು ಕೇಳಿದೆ ಎಂದು ಹೇಳು. ಡಾರ್ಲಾಳನ್ನು ದೇವರು ಕಾಯಲಿ, ನಿನ್ನನ್ನೂ.

ನಿನ್ನ ಮಾವ,
ವಿಲ್ಬರ್

ಇನ್ನೊಂದು: ಕಾಯ್ದೆಗೆ ಕರೋನರನ್ನು ಸೇರಿಸುವ ವಿಚಾರಣೆ ಮುಂದಿನ ವಾರ ಗುರುವಾರ ರಾಜಧಾನಿಯಲ್ಲಿದೆ. ಮನೆಯವರೊಬ್ಬರು ಮಾತಾಡಬೇಕಂತೆ. ನಾನು ಬಾಯಿ ತೆರೆದರೆ ಜಗಳ, ನಿನಗೇ ಗೊತ್ತು. ನೀನು ಒಲ್ಲೆ ಅಂದಿದ್ದೀಯ ಎಂದು ಕೇಳಿ, ಎಲ್ಡನ್ ಪರವಾಗಿ ತಾನೇ ಮಾತಾಡುತ್ತೇನೆ ಅಂದಿದ್ದಾನೆ ಹೋಬರ್ಟ್. ಅವನು ಹೇಳಿದರೆ ಅವರು ಕೇಳುತ್ತಾರೆ, ಕೆಲಸವೂ ಆಗಬಹುದು. ಆಮೇಲೆ ಸಾಯುವ ತನಕ ನಾನು ಅವನ ಉಪಕಾರ ಹೊತ್ತು ತಿರುಗಬೇಕು. ಅದಕ್ಕೇ ಕೇಳುತ್ತಿದ್ದೇನೆ, ಹಿಂದಿನ ದಿನ ಬುಧವಾರದ ಬಸ್ಸಿಗೆ ಬಾ, ನೀನೇ ಮಾತಾಡು. ನೀನು ಬರದಿದ್ದರೆ ಡಾರ್ಲಾಳ ಮುಖ ನೋಡಿ ಅವನಿಗೇ ಹೂಂ ಅನ್ನುತ್ತೇನೆ.