ನಿಮ್ಮ ಬಾಗಿಲಲ್ಲಿ ಕೂತಿರುವ ನಮ್ಮ ಅಜ್ಜಿ

ಸೇನಾ ಛಾವಣಿಯ ವಸತಿಗೃಹಗಳ ಮಾನ್ಯ ಅಧಿಕಾರಿಗಳೇ,

ನಿಮ್ಮ ಕಚೇರಿಯ ಬಾಗಿಲು ಗಾಳಿಗೆ ಮುಚ್ಚಿಕೊಳ್ಳದಿರಲೆಂದು ನೀವು ಒತ್ತು ಕೊಟ್ಟು ಇಟ್ಟಿರುವ ಆ ಕಪ್ಪು ಕಲ್ಲು ನಮ್ಮ ಮನೆಯ ಅಜ್ಜಿ. ಬೆಳಿಗ್ಗೆ ಒಂಬತ್ತಕ್ಕೆ ಅವರನ್ನು ಬೂಟುಗಾಲಿನಿಂದ ಬಾಗಿಲಿನ ಬಳಿಗೆ ತಳ್ಳುತ್ತೀರಿ, ಸಂಜೆ ಐದಕ್ಕೆ ಅದೇ ಬೂಟುಗಾಲಿನಿಂದ ಗೋಡೆಯ ಕಡೆಗೆ ತಳ್ಳುತ್ತೀರಿ. ನಾನು ಕಣ್ಣಾರೆ ಕಂಡಿದ್ದೇನೆ. ದಯವಿಟ್ಟು ಅವರನ್ನು ಮನೆಗೆ ಕಳಿಸಿಕೊಡಿ. ಬರುವ ಶುಕ್ರವಾರ ನನ್ನ ಗಂಡ ಪಲ್ಟಣದ ಜೊತೆ ಯುದ್ಧದ ಕಡೆಗೆ ಹೊರಡುತ್ತಾರೆ. ಅದಕ್ಕೆ ಮೊದಲು ಕಳಿಸಿಕೊಡಿ.

ನನ್ನ ಅಹವಾಲು ಇಷ್ಟೇ. ಇದನ್ನೇ ನಿಮ್ಮ ನಮೂನೆಯಲ್ಲಿ ಮೂರು ಸಲ ತುಂಬಿ ಕೊಟ್ಟೆ. ಮೂರು ಸಲವೂ ‘ಅಪೂರ್ಣ’ ಎಂಬ ಮುದ್ರೆ ಹೊತ್ತು ವಾಪಸು ಬಂತು. ‘ವಸ್ತುವಿನ ತಯಾರಕರ ಹೆಸರು’ ಎಂಬ ಸಾಲನ್ನು ಖಾಲಿ ಬಿಟ್ಟಿದ್ದೇನಂತೆ. ಆದ್ದರಿಂದ ಈ ಸಲ ಊರೆಲ್ಲ ಓದುವಂತೆ ಬರೆಯುತ್ತಿದ್ದೇನೆ. ಇದರ ಒಂದು ಪ್ರತಿ ಮಕ್ಕಳ ಶಾಲೆಯ ಗೇಟಿಗೆ, ಒಂದು ಪ್ರತಿ ಛಾವಣಿಯ ಅಂಗಡಿಯ ಗಾಜಿಗೆ, ಇನ್ನೊಂದು ಈ ನಾಡಿನ ನೇಪಾಳಿಗಳೆಲ್ಲ ಓದುವ ವಾರಪತ್ರಿಕೆಗೆ ಹೋಗಿದೆ. ನಿಮಗೆ ತಲುಪುವುದು ಕೊನೆಗೇ ಇರಬಹುದು, ಕ್ಷಮಿಸಿ.

ನಾನು ಯಾರೆಂಬುದು ನಿಮಗೆ ತಿಳಿದಿರಲಾರದು. ನಮ್ಮ ಗೂರ್ಖಾ ಕಂಪನಿಯಲ್ಲಿ ರಾಯ್ ಎನ್ನುವವರೇ ಹನ್ನೊಂದು ಜನ. ಹೆಸರು ಹಿಡಿದು ಕೂಗಿದರೆ ಹನ್ನೊಂದು ಜನ ಓಡಿ ಬರುತ್ತಾರಾದ್ದರಿಂದ ಎಲ್ಲರನ್ನೂ ಅವರವರ ಸೈನ್ಯದ ನಂಬರಿನ ಕೊನೆಯ ಎರಡಂಕಿಯಿಂದ ಕರೆಯುವುದು ವಾಡಿಕೆ. ನನ್ನ ಗಂಡ ಪದಮ್‌ಧನ್ ರಾಯ್ ಎಪ್ಪತ್ತನಾಲ್ಕು. ನಾನು ಎಪ್ಪತ್ತನಾಲ್ಕರ ಹೆಂಡತಿ. ನಿಮ್ಮ ಕಾಗದಪತ್ರಗಳಲ್ಲಿ ನನಗೆ ಅದೂ ಇಲ್ಲ, ಬರೀ ‘ಅವಲಂಬಿತೆ’.

ನಿಮಗೂ ನನಗೂ ಪರಿಚಯ ಶುರುವಾದದ್ದು ಎರಡು ವರ್ಷದ ಹಿಂದೆ, ನಾನು ಏಳು ವರ್ಷದ ಮಗಳು ಸಿರುಮಾಳನ್ನು ಕಟ್ಟಿಕೊಂಡು ನೇಪಾಳದಿಂದ ಈ ಇಂಗ್ಲೆಂಡಿಗೆ ಬಂದಾಗ. ಬಂದ ಮೂರನೆಯ ದಿನ ಗಂಡ ಹೇಳಿದರು: “ನಾಳೆ ಹತ್ತು ಗಂಟೆಗೆ ನಮ್ಮ ಮಾರ್ಚ್ ಇನ್ ಇದೆ ಕಣೇ. ನೀಟಾಗಿ ರೆಡಿಯಾಗಿರಿ.” ಸೈನ್ಯದ ಮನೆಗೆ ಸೇರುವಾಗ ಕವಾಯತು ಮಾಡಿಕೊಂಡೇ ಒಳಗೆ ಹೋಗಬೇಕೇನೋ ಎಂದುಕೊಂಡೆ. ಅಷ್ಟು ದೊಡ್ಡ ಸರಕಾರ, ಏನಾದರೂ ಕಾರಣವಿರುತ್ತದೆ. ತಾಯಿ ಮಗಳು ಸಂಜೆಯೆಲ್ಲ ಕೂತು ಬೂಟಿಗೆ ಪಾಲಿಶು ತಿಕ್ಕಿದೆವು. ಮರುದಿನ ಗೇಟಿನಿಂದ ಬಾಗಿಲವರೆಗೆ ಎಡ-ಬಲ, ಎಡ-ಬಲ ಎಂದು ಭುಜದೆತ್ತರಕ್ಕೆ ಕೈ ಬೀಸುತ್ತಾ ಹೋಗಿ, ಬಾಗಿಲಲ್ಲಿ ನಿಂತಿದ್ದ ನಿಮ್ಮ ತಪಾಸಣಾಧಿಕಾರಿಗೆ ಸೆಲ್ಯೂಟ್ ಹೊಡೆದೆವು. ಪಾಪ, ಅವನೂ ಗಾಬರಿಯಾಗಿ ನೆಟ್ಟಗೆ ನಿಂತುಬಿಟ್ಟ.

“ಏ ಬೂಢಿ, ನಿಲ್ಲೇ ಮಾರಾಯ್ತಿ!” ಗಂಡ ಹಿಂದಿನಿಂದ ಓಡಿ ಬಂದರು. “ಬೀಗದ ಕೈ ಕೊಡೋದಕ್ಕೆ ಇವರು ಹಾಗಂತಾರೆ ಅಷ್ಟೆ!”

“ಮತ್ತೆ ಬೀಗದ ಕೈ ಕೊಡ್ತಾರೆ ಅಂತಲೇ ಹೇಳಬಾರದಿತ್ತಾ?” ಎಂದೆ. ಸಿರುಮಾ ಮಾತ್ರ ಆಜ್ಞೆ ಬರುವವರೆಗೂ ಕೈ ಇಳಿಸಲಿಲ್ಲ.

ಆ ದಿನ ನಿಮ್ಮ ಪಟ್ಟಿಯ ದರ್ಶನವಾಯಿತು. ಇನ್ನೂರ ಹದಿನಾಲ್ಕು ಸಾಲು. ಪರದೆಯ ಕೊಕ್ಕೆ, ಒಲೆಯ ಗುಂಡಿ, ಕಕ್ಕಸಿನ ಮುಚ್ಚಳ, ಎಲ್ಲಕ್ಕೂ ಒಂದೊಂದು ನಂಬರು. ಹಿಂದಿನ ಸಂಸಾರ ಜಮಖಾನದ ಮೇಲೆ ಬಿಟ್ಟುಹೋದ ಕಲೆಗೂ ನಂಬರಿತ್ತು: ‘ಅಂಗೈಯಗಲ, ಬಹುಶಃ ಚಹಾ’. ಆ ಕಲೆಯನ್ನು ಜೋಪಾನವಾಗಿ ಕಾಪಾಡಿಕೊಂಡು ಬರುತ್ತೇನೆಂದು ನಾನೂ ರುಜು ಹಾಕಿದೆ. ಇಂದಿಗೂ ಕಾಪಾಡುತ್ತಿದ್ದೇನೆ, ಬೇಕಾದರೆ ಬಂದು ನೋಡಿ. ಅದರ ಜೊತೆ ಒಂದು ಕಿರುಹೊತ್ತಗೆಯನ್ನೂ ಕೊಟ್ಟಿರಿ. ಪರನಾಡಿನಲ್ಲಿ ನೆಲೆಯೂರುವ ಸೈನಿಕರ ಕುಟುಂಬಗಳಿಗೆ ಬುದ್ಧಿವಾದ. ಮೊದಲ ಪುಟದಲ್ಲೇ ದಪ್ಪಕ್ಷರದಲ್ಲಿ, ‘ಇದನ್ನು ನಿಮ್ಮ ಸ್ವಂತ ಮನೆಯೆಂದೇ ಭಾವಿಸಿ’.

ನನ್ನ ತಪ್ಪೆಂದರೆ, ನಾನು ಭಾವಿಸಿದೆ.

ನಾವು ರಾಯ್ ಜನ ಒಂದು ಜಾಗವನ್ನು ಮನೆ ಎನ್ನಬೇಕಾದರೆ ಅಲ್ಲಿ ಮೂರು ಒಲೆಗಲ್ಲು ಇರಬೇಕು. ಒಂದು ಕುಲದ ಅಜ್ಜಂದಿರದು, ಒಂದು ಅಜ್ಜಿಯರದು, ಮೂರನೆಯದು ಸಾಕ್ಷಿಗೆ ನಿಲ್ಲುವ ಊರಿನವರದು. ಅವನ್ನು ಹೊರಗಿನವರು ಮುಟ್ಟುವಂತಿಲ್ಲ, ಮನೆಯವರೂ ದಾಟುವಂತಿಲ್ಲ. ಈ ಮೂರನ್ನು ನನ್ನ ಮಾವ ನಮ್ಮೂರು ಭೋಜಪುರದ ಹೊಳೆಯಿಂದ ಆಯ್ದು ತಂದದ್ದು. ಅವರೂ ನಿಮ್ಮದೇ ಸೈನ್ಯದ ಸಿಪಾಯಿ. ಕಲ್ಲುಗಳು ಅವರೊಂದಿಗೆ ಹಾಂಗ್‌ಕಾಂಗಿಗೆ ಹೋದವು, ಬ್ರೂನೈಗೆ ಹೋದವು, ಮಾವನ ಪಿಂಚಣಿಯ ಜೊತೆ ಊರಿಗೆ ಮರಳಿ ಇಪ್ಪತ್ತು ವರ್ಷ ಅತ್ತೆಯ ಒಲೆಯಲ್ಲಿ ಮಸಿ ಹಿಡಿದವು. ನಾನು ಹೊರಡುವಾಗ ಅತ್ತೆ ಅವನ್ನು ಶಾಲಿನಲ್ಲಿ ಸುತ್ತಿ ನನ್ನ ಪೆಟ್ಟಿಗೆಗೆ ಹಾಕಿದರು. ತೂಕ ಹೆಚ್ಚಾಯಿತೆಂದು ನನ್ನ ಚಳಿಗಾಲದ ಕೋಟನ್ನು ತೆಗೆದಿಟ್ಟರು. ಕಾಠ್ಮಂಡುವಿನ ವಿಮಾನ ನಿಲ್ದಾಣದಲ್ಲಿ ಪೊಲೀಸಿನವನು ಪೆಟ್ಟಿಗೆ ಬಿಚ್ಚಿಸಿ, “ಯಾಕಕ್ಕಾ, ಇಂಗ್ಲೆಂಡಲ್ಲಿ ಕಲ್ಲಿಗೂ ಬರಾನಾ?” ಎಂದು ನಕ್ಕ. ಆದರೆ ಅವನು ರಾಯ್ ಅಲ್ಲದಿದ್ದರೂ ಕಲ್ಲು ಮುಟ್ಟದೆ ಪೆಟ್ಟಿಗೆ ಮುಚ್ಚಿದ.

ಆ ಮೂರನ್ನು ಅಡುಗೆಮನೆಯ ಮೂಲೆಯಲ್ಲಿ ಕೂರಿಸಿದೆ. ಅವುಗಳ ನಡುವೆ ಬೆಂಕಿ ಹಾಕಲಿಲ್ಲ, ಹೊಗೆ ಕಂಡರೆ ಚೀರುವ ನಿಮ್ಮ ಯಂತ್ರದ ಪರಿಚಯ ನನಗಾಗಿತ್ತು. ಹಬ್ಬದ ದಿನ ಒಂದು ಚೂರು ಹಸಿಶುಂಠಿ, ನಾಲ್ಕು ಕಾಳು ಅಕ್ಕಿ, ಅಷ್ಟೇ. ಎರಡು ವರ್ಷ ಯಾರಿಗೂ ತೊಂದರೆಯಾಗಲಿಲ್ಲ.

ಹೋದ ತಿಂಗಳು ‘ವಾಡಿಕೆಯ ತಪಾಸಣೆ, ನಿವಾಸಿಗಳು ಹಾಜರಿರುವ ಅಗತ್ಯವಿಲ್ಲ’ ಎಂದು ಚೀಟಿ ಬಂತು. ನಾನು ನೀವೇ ಏರ್ಪಡಿಸಿದ ಇಂಗ್ಲಿಷ್ ತರಗತಿಗೆ ಹೋಗಿದ್ದೆ. ಅಂದಿನ ಪಾಠ ‘ಇದು ನನ್ನ ಮನೆ’. ಹನ್ನೆರಡು ಜನ ಹೆಂಗಸರು ಒಕ್ಕೊರಲಿನಿಂದ ಹಾಗೆಂದು ಒದರಿ ಬಂದೆವು. ಬಂದು ನೋಡಿದರೆ ಅಡುಗೆಮನೆಯ ಮೂಲೆ ಚೊಕ್ಕಟವಾಗಿದೆ. ಕಲ್ಲಿದ್ದ ಜಾಗದಲ್ಲಿ ಒಂದು ಇಲಿಪಾಷಾಣದ ಡಬ್ಬಿ. ಪಕ್ಕದಲ್ಲಿ ನಿಮ್ಮ ವರದಿ: ‘ಕಟ್ಟಡದ ತ್ಯಾಜ್ಯ, ಕಲ್ಲು, ಮೂರು. ಪಟ್ಟಿಯಲ್ಲಿ ಇಲ್ಲ. ತೆರವುಗೊಳಿಸಲಾಗಿದೆ. ಕಾಳು ಕಂಡುಬಂದ ಕಾರಣ ಇಲಿಗಳ ಶಂಕೆ.’

ಮಾನ್ಯರೇ, ಚಹಾದ ಕಲೆಗೆ ನಂಬರಿದೆ, ಆದ್ದರಿಂದ ಅದು ಆಸ್ತಿ. ನಮ್ಮ ಹಿರಿಯರಿಗೆ ನಂಬರಿಲ್ಲ, ಆದ್ದರಿಂದ ಅವರು ಕಸ. ಇದು ಯಾವ ಸೀಮೆಯ ನ್ಯಾಯ? ಒಂದು ಮಾತು ಕೇಳಿದ್ದರೆ ನಾನೇ ನಂಬರು ಕೊಡುತ್ತಿದ್ದೆನಲ್ಲ, ಇನ್ನೂರ ಹದಿನೈದು, ಹದಿನಾರು, ಹದಿನೇಳು ಎಂದು? ನಂಬರಿನಿಂದ ಕರೆಸಿಕೊಳ್ಳುವುದು ನಮ್ಮ ಮನೆತನಕ್ಕೆ ಹೊಸದೇನಲ್ಲ.

ಅದೇ ಸಂಜೆ ಭೋಜಪುರದಿಂದ ಅತ್ತೆಯ ಫೋನು. ಅವರು ಮಗನ ಯೋಗಕ್ಷೇಮಕ್ಕಿಂತ ಮೊದಲು ವಿಚಾರಿಸುವುದು ಕಲ್ಲನ್ನೇ.

“ಕಲ್ಲು ಹೇಗಿದಾವೆ ಬುಹಾರಿ?” ಬುಹಾರಿ ಎಂದರೆ ಸೊಸೆ.

“ಚೆನ್ನಾಗಿದಾವೆ ಆಮಾ.”

“ದನಿ ಯಾಕೆ ಹಾಗಿದೆ? ನೆಗಡಿನಾ? ಕೋಟು ಹಾಕ್ಕೊಳೇ.”

ಕೋಟನ್ನು ತೆಗೆದಿಟ್ಟವರು ತಾವೇ ಎಂಬುದನ್ನು ನೆನಪಿಸುವ ಧೈರ್ಯ ನನಗೆ ಅಂದು ಇರಲಿಲ್ಲ.

ಮರುದಿನ ನಿಮ್ಮ ಗುತ್ತಿಗೆದಾರರು ಕಸ ಸುರಿಯುವ ಅಂಗಳಕ್ಕೆ ಹೋದೆ. ಅಲ್ಲಿನ ಕಾವಲಿನ ಮುದುಕನ ಹೆಸರು ಡೆರೆಕ್. “ಕಲ್ಲಾ? ನೋಡಮ್ಮಾ, ಇಲ್ಲಿ ಕಲ್ಲು ಬಿಟ್ಟು ಬೇರೇನೂ ಇಲ್ಲ” ಎಂದು ಆನೆಯೆತ್ತರದ ರಾಶಿ ತೋರಿಸಿದ. ನನ್ನ ಹರಕು ಇಂಗ್ಲಿಷಿನಲ್ಲಿ ಮಸಿ, ಒಲೆ, ಅಜ್ಜ, ಅಜ್ಜಿ ಎಂದು ಹೇಳಿಕೊಂಡೆ. ಅವನು ಯಾವ ನಮೂನೆಯನ್ನೂ ಕೇಳಲಿಲ್ಲ, ಕೈಗವಸು ಹಾಕಿಕೊಂಡು ಬಂದ. ತುಂತುರು ಮಳೆಯಲ್ಲಿ ಎರಡು ಗಂಟೆ ಇಬ್ಬರೂ ಅಗೆದೆವು. ಮಸಿಯ ಗುರುತಿನಿಂದ ಎರಡು ಸಿಕ್ಕವು.

“ಇವರ್ಯಾರು?” ಕೇಳಿದ.

“ಅಜ್ಜ. ಅದು ಊರಿನವರು.”

“ನಿಮ್ಮಜ್ಜ ಭಾರೀ ತೂಕದ ಮನುಷ್ಯ ಕಣಮ್ಮಾ” ಎಂದು ತನ್ನ ಕೋಟು ಬಿಚ್ಚಿ ಅದರಲ್ಲಿ ಸುತ್ತಿಕೊಂಡು, ತನ್ನ ಗಾಡಿಯಲ್ಲೇ ಮನೆಗೆ ತಂದು ಬಿಟ್ಟ. ಅವನಿಗೆ ಬಡ್ತಿ ಕೊಡಿಸುವ ಅಧಿಕಾರ ನಿಮಗಿದೆಯೋ ಇಲ್ಲವೋ ತಿಳಿಯದು. ಇದ್ದರೆ ಯೋಚಿಸಿ.

ಮೂರನೆಯದಕ್ಕಾಗಿ ದೂರು ಕೊಡಲು ನಿಮ್ಮ ಕಚೇರಿಗೆ ಬಂದವಳು ಹೊಸ್ತಿಲಲ್ಲೇ ನಿಂತೆ. ಅಜ್ಜಿ ಬಾಗಿಲಲ್ಲೇ ಕೂತಿದ್ದರು. ನಮ್ಮ ಮಾವನ ತಾಯಿ ಬದುಕಿದ್ದಾಗಲೂ ಹೀಗೇ ಬಾಗಿಲಲ್ಲಿ ಕೂತು ಬರುವವರನ್ನೂ ಹೋಗುವವರನ್ನೂ ವಿಚಾರಿಸಿಕೊಳ್ಳುತ್ತಿದ್ದರಂತೆ. ತಳ ಚಪ್ಪಟೆಯಾಗಿದೆ, ಬಾಗಿಲಿಗೆ ಚೆನ್ನಾಗಿ ಒದಗುತ್ತದೆ ಎಂದು ನಿಮ್ಮ ತಪಾಸಣಾಧಿಕಾರಿ ಎತ್ತಿ ತಂದನೆಂದು ಗುಮಾಸ್ತೆ ಹೇಳಿದಳು. ಬಳಿಕ ನೀವೇ ಹೊರಗೆ ಬಂದಿರಿ. ನಮ್ಮ ಮಾತುಕತೆ ನಿಮಗೆ ಮರೆತಿದ್ದರೆ ನೆನಪಿಸುತ್ತೇನೆ.

“ಇದು ನಮ್ಮದು ಸಾರ್.”

“ಕ್ಷಮಿಸಬೇಕು ಮೇಡಂ, ಇದು ಈಗ ಕಚೇರಿಯ ಸ್ವತ್ತು. ನಿಮ್ಮ ಮನೆ ಪಟ್ಟಿಯಲ್ಲಿ ಇದಿಲ್ಲ. ನಮ್ಮ ಪಟ್ಟಿಯಲ್ಲಿದೆ.”

ಇದೆ, ನಿಜ. ಅಜ್ಜಿಯ ಬೆನ್ನಿಗೆ ಬಿಳಿ ಚೀಟಿ ಅಂಟಿಸಿದ್ದೀರಿ: ‘ಬಾಗಿಲು ತಡೆ, ಕಲ್ಲು, ಒಂದು’. ನಮ್ಮ ಮನೆಯಲ್ಲಿ ಕಸವಾಗಿದ್ದವರು ನಿಮ್ಮ ಬಾಗಿಲಿಗೆ ಬಂದ ಕೂಡಲೇ ಸರಕಾರಿ ಸ್ವತ್ತಾದರು! ಇಷ್ಟು ಬೇಗ ಬಡ್ತಿ ಸಿಕ್ಕವರು ನಮ್ಮ ಕುಲದಲ್ಲಿ ಇನ್ನೊಬ್ಬರಿಲ್ಲ. ನನ್ನ ಗಂಡ ಹನ್ನೊಂದು ವರ್ಷದಿಂದ ಕಾರ್ಪೊರಲ್ ಆಗಿಯೇ ಇದ್ದಾರೆ.

ಇಷ್ಟು ಹೊತ್ತು ನಗುತ್ತಾ ಬರೆದೆ. ಇನ್ನೊಂದು ಮಾತನ್ನು ನಗದೆ ಹೇಳಬೇಕು. ನಮ್ಮ ಮನೆಯ ಗಂಡಸರು ಯುದ್ಧದ ಕಡೆಗೆ ಹೊರಡುವ ಮುನ್ನ ಆ ಮೂರು ಕಲ್ಲಿಗೆ ಶುಂಠಿಯಿಟ್ಟು, ಹೋಗಿ ಬರುತ್ತೇನೆ ಎಂದು ಹೇಳಿ ಹೊರಡುತ್ತಾರೆ. ಮಾವ ನಾಲ್ಕು ಸಲ ಹೇಳಿ ಹೋದರು, ನಾಲ್ಕು ಸಲವೂ ಬಂದರು. ಮೈದುನ ಅಮೃತ್‌ಧನನಿಗೆ ಕೊನೆಯ ಗಳಿಗೆಯಲ್ಲಿ ರಜೆ ರದ್ದಾಯಿತು, ಊರಿಗೆ ಬರದೆ ಛಾವಣಿಯಿಂದ ನೇರ ಹೋದ. ಅವನ ಹೆಸರು ಈಗ ನಿಮ್ಮ ಪರೇಡ್ ಮೈದಾನದ ಗೋಡೆಯಲ್ಲಿದೆ, ಆ ಪಟ್ಟಿಯಲ್ಲಿ ಮಾತ್ರ ನೀವು ಯಾರನ್ನೂ ಬಿಟ್ಟಿಲ್ಲ. ಕಲ್ಲಿಗೆ ಕೈಮುಗಿದಿದ್ದರೆ ಗುಂಡು ತಪ್ಪುತ್ತಿತ್ತು ಎಂದು ನಾನು ವಾದಿಸುವುದಿಲ್ಲ, ನಾನೂ ಹತ್ತನೆಯ ತರಗತಿ ಓದಿದವಳು. ಆದರೆ ಅತ್ತೆ ಇಂದಿಗೂ “ಹೇಳದೇ ಹೋದ” ಎಂದೇ ಅಳುತ್ತಾರೆ.

ಮೊನ್ನೆ ಸಂಜೆ ಗಂಡ ಶುಂಠಿ ಹಿಡಿದುಕೊಂಡು ಮೂಲೆಯಲ್ಲಿ ನಿಂತಿದ್ದರು. ಇಡದೆ ಅದನ್ನು ಮತ್ತೆ ಜೇಬಿಗೆ ಹಾಕಿಕೊಂಡರು. “ಎರಡು ಕಲ್ಲಿನ ಮೇಲೆ ಪಾತ್ರೆನೇ ನಿಲ್ಲಲ್ಲ, ಮಾತು ನಿಲ್ಲುತ್ತೇನೇ?” ಎಂದರು. ನನಗೆ ಭಯವಾಗುತ್ತಿದೆ, ಮಾನ್ಯರೇ. ಅವಲಂಬಿತೆ ಎಂದು ನೀವೇ ಬರೆದಿದ್ದೀರಿ. ಆ ಮನುಷ್ಯನ ಮರಳಿ ಬರುವಿಕೆಯ ಮೇಲೆ ನಾನು ಅವಲಂಬಿತೆ.

ಆದ್ದರಿಂದ ನಮೂನೆಯ ಖಾಲಿ ಸಾಲನ್ನು ಇಲ್ಲಿ ತುಂಬುತ್ತಿದ್ದೇನೆ. ತಯಾರಕರು: ಪಿಖುವಾ ಹೊಳೆ, ಭೋಜಪುರ. ಇನ್ನು ಅರ್ಜಿ ಪೂರ್ಣವಾಯಿತು. ಗುರುವಾರ ಸಂಜೆ ಐದರೊಳಗೆ ಅಜ್ಜಿ ನಮ್ಮ ಅಡುಗೆಮನೆಯಲ್ಲಿರಬೇಕು. ಅವರನ್ನು ಎತ್ತುವವರು ಬೂಟು ಕಳಚಿ, ಬಟ್ಟೆಯಲ್ಲಿ ಸುತ್ತಿ, ಕೈಯಿಂದಲೇ ಎತ್ತಬೇಕು. ನಿಮಗೆ ಬರುವುದಿಲ್ಲವೆಂದರೆ ಡೆರೆಕ್‌ನನ್ನು ಕಳಿಸಿ, ಅವನಿಗೆ ಗೊತ್ತಿದೆ.

ಸ್ವತ್ತನ್ನು ಕಚೇರಿಯಿಂದ ಹೊರಗೆ ಕಳಿಸಲು ನಿಯಮ ಬಿಡುವುದಿಲ್ಲ ಎನ್ನುವಿರಾದರೆ ನಿಮ್ಮ ನಿಯಮಕ್ಕೆ ನಾನು ಅಡ್ಡ ಬರುವುದಿಲ್ಲ. ಶುಕ್ರವಾರ ಬೆಳಿಗ್ಗೆ ಒಂಬತ್ತಕ್ಕೆ, ನೀವು ಬಾಗಿಲು ತೆರೆದ ಕೂಡಲೇ, ಉಳಿದೆರಡು ಕಲ್ಲನ್ನು ನಾನೇ ಹೊತ್ತು ತಂದು ಅಜ್ಜಿಯ ಪಕ್ಕದಲ್ಲಿ ಕೂರಿಸುತ್ತೇನೆ. ಮೂರು ಸೇರಿದವೆಂದರೆ ನಿಮ್ಮ ಬಾಗಿಲೇ ನಮ್ಮ ಒಲೆ. ಎಪ್ಪತ್ತನಾಲ್ಕು ಅಲ್ಲೇ ಶುಂಠಿಯಿಟ್ಟು ಹೇಳಿ ಹೊರಡುತ್ತಾರೆ. ಹಿಂದೆಯೇ ಉಳಿದ ಹತ್ತು ಜನ ರಾಯ್‌ಗಳು ಸಾಲಾಗಿ ಬರುತ್ತಾರೆ, ಈ ಸಲ ಸರಿಯಾಗಿ ಮಾರ್ಚ್ ಮಾಡಿಕೊಂಡೇ. ಹೋದವರೆಲ್ಲ ಮರಳಿ ಬರುವವರೆಗೆ ಕಲ್ಲುಗಳನ್ನು ಅಲ್ಲಿಂದ ಕದಲಿಸುವಂತಿಲ್ಲ, ದಾಟುವಂತೆಯೂ ಇಲ್ಲ. ನಿಮ್ಮ ಕಿಟಕಿ ನೆಲದಿಂದ ನಾಲ್ಕಡಿ ಎತ್ತರದಲ್ಲಿದೆ, ನಾನು ಅಳೆದು ನೋಡಿದ್ದೇನೆ. ಹತ್ತಿ ಒಳಗಿಳಿಯಲು ನಿಮಗೊಂದು ಮುಕ್ಕಾಲಿ ಬೇಕಾದೀತು. ನಮ್ಮ ಮನೆಯಲ್ಲೊಂದಿದೆ, ಪಟ್ಟಿಯಲ್ಲಿ ನಲವತ್ತೊಂದನೆಯ ಸಾಲು. ಬರುವಾಗ ತರುತ್ತೇನೆ.

ಇಂತಿ,
ಒಂದು ಕಲ್ಲು ಕಡಿಮೆಯಿರುವ, ಕಲೆ ಮಾತ್ರ ಭದ್ರವಾಗಿರುವ ಮನೆಯಿಂದ,
ಎಪ್ಪತ್ತನಾಲ್ಕರ ಹೆಂಡತಿ
(ಪಟ್ಟಿಯಲ್ಲಿಲ್ಲದ ಹೆಸರು: ಇಂದ್ರಕಲಾ ರಾಯ್)